ಸದ್ದಿಲ್ಲದ ಅಕ್ಷರ

ಬಾಯೊಳಗೆ ಸಿಕ್ಕಿಸುವ ಆ ಗುಲಾಬಿ ಪ್ಲೇಟು ಯಾವ ರೋಗಿಯದ್ದೂ ಅಲ್ಲ ಎಂಬುದು ಯಜಮಾನರಿಗೆ ಗೊತ್ತಾಗಿಬಿಟ್ಟಿದೆ ಎಂದು ಅವನಿಗೆ ಬೆಳಗಿನಿಂದಲೂ ಅನ್ನಿಸುತ್ತಿತ್ತು. ಪಾಲಿಶ್ ಚಕ್ರಕ್ಕೆ ಅದನ್ನು ಒತ್ತಿ ಹಿಡಿದಾಗಲೆಲ್ಲ ಹಿಂದಿನಿಂದ ಅವರ ಕುರ್ಚಿ ಕಿರುಗುಟ್ಟುತ್ತಿತ್ತು; ತಿರುಗಿ ನೋಡಿದರೆ ಅವರು ತಮ್ಮ ಪಾಡಿಗೆ ಮೇಣ ಕಾಯಿಸುತ್ತ ಕೂತಿರುತ್ತಿದ್ದರು. ಹಲ್ಲಿನ ಲ್ಯಾಬಿನ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನ ಅರ್ಧ ಜನರ ದವಡೆಗಳು ಬಿಳಿ ಪ್ಲಾಸ್ಟರಿನಲ್ಲಿ ಬಾಯಿ ತೆರೆದುಕೊಂಡಿದ್ದವು. ಇಷ್ಟು ವರ್ಷ ಈ ಕೆಲಸ ಮಾಡಿದರೂ ಒಂದು ಸಂಗತಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬಾಯಿಯ ಅಚ್ಚು ತೆಗೆದರೆ ಹಲ್ಲು ಬರುತ್ತದೆ, ವಸಡು ಬರುತ್ತದೆ, ಅಂಗುಳಿನ ಗೆರೆಗಳು ಕೂಡ ಬರುತ್ತವೆ; ನಾಲಿಗೆ ಮಾತ್ರ ಬರುವುದಿಲ್ಲ. ಅದಿದ್ದ ಕಡೆ ಬರೀ ಒಂದು ಗುಂಡಿ. ಆ ಗುಂಡಿಯನ್ನೂ ಅವನೇ ಚಾಕು ತೆಗೆದುಕೊಂಡು ಹೆರೆದು ಸಮ ಮಾಡುತ್ತಿದ್ದ, ಪ್ಲಾಸ್ಟರು ಒಣಗುವ ಮೊದಲು, ಏನನ್ನೂ ಯೋಚಿಸದೆ.

“ಯಾರದ್ದಯ್ಯಾ ಅದು?” ಎಂದು ಯಜಮಾನರು ಕೊನೆಗೆ ಕೇಳಿಯೇಬಿಟ್ಟರು.

“ಒಬ್ಬರದ್ದು ಸರ್. ನಿದ್ದೇಲಿ ಹಲ್ಲು ಕಡಿಯೋರದ್ದು.”

ಅವರು ಪ್ಲೇಟನ್ನು ಎತ್ತಿ ಬೆಳಕಿಗೆ ಹಿಡಿದರು. “ಇದೇನು, ನಾಲಿಗೆಗೆ ಮುಚ್ಚಳ ಮಾಡಿದ ಹಾಗಿದೆ? ಇದನ್ನ ಹಾಕ್ಕೊಂಡ್ರೆ ಹಲ್ಲು ಕಡಿಯೋದಿರಲಿ, ಅಮ್ಮಾ ಅನ್ನೋಕೂ ಆಗಲ್ಲ.”

“ಅಮ್ಮಾ ಅನ್ನಬಹುದು ಸರ್. ಅಪ್ಪಾನೂ ಅನ್ನಬಹುದು. ಅಕ್ಕಾ ಅನ್ನೋಕೆ ಮಾತ್ರ ಆಗಲ್ಲ.”

ಬಾಯಿಂದ ಬಂದಮೇಲೆ ಬರಬಾರದಿತ್ತು ಅನ್ನಿಸಿತು. ಅಕ್ಕನ ಆಪರೇಷನ್ನಿನ ವಿಷಯ ಯಜಮಾನರಿಗೆ ಗೊತ್ತಿತ್ತು. ಅವರು ಪ್ಲೇಟನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟು, “ಮಧ್ಯಾಹ್ನ ಬೇಗ ಹೋಗು, ಶನಿವಾರ ತಾನೆ,” ಎಂದರು. ಆ ಮೆತ್ತಗೆ ಇಟ್ಟದ್ದೇ ಅವನಿಗೆ ಚುಚ್ಚಿತು. ಬೈದಿದ್ದರೆ ಬೈಸಿಕೊಂಡು ಸುಮ್ಮನಾಗಬಹುದಿತ್ತು.

ಹೊರಡುವಷ್ಟರಲ್ಲಿ ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಕರೆದರು. ಹೊಸ ಹಲ್ಲುಸೆಟ್ಟು ಮಾಡಿಸುತ್ತಿದ್ದ ಮುದುಕರೊಬ್ಬರು ಕನ್ನಡಿ ಹಿಡಿದು ಕುರ್ಚಿಯಲ್ಲಿ ಒರಗಿದ್ದರು. ಮೇಣದ ಮೇಲೆ ಜೋಡಿಸಿದ ಹಲ್ಲನ್ನು ಪಕ್ಕಾ ಮಾಡುವ ಮೊದಲು ರೋಗಿಯನ್ನು ಮಾತಾಡಿಸಿ ನೋಡಬೇಕು. ಅದಕ್ಕೆಂದೇ ಅವನ ಬಳಿ ಒಂದು ವಾಕ್ಯವಿತ್ತು. “ಹೊಸ ಸೀಸೆ ಬಿಸಿಲಲ್ಲಿದೆ ಅನ್ನಿ.” ಮುದುಕರು ಅಂದರು, ಸೀಸೆ ಶೀಶೆಯಾಗಿ ಬಂತು. “ಇನ್ನೊಂದ್ಸಲ.” ಮತ್ತೆ ಶೀಶೆ. “ಅದ್ಯಾಕ್ರೀ ಬಿಸಿಲಲ್ಲಿಟ್ರಿ, ನೆರಳಲ್ಲಿಡಿ, ಆಗ ನನ್ ಬಾಯಿಗೆ ಬರಬಹುದು,” ಎಂದು ಅವರು ನಕ್ಕರು, ಡಾಕ್ಟರೂ ನಕ್ಕರು. ಅವನು ನಗಲಿಲ್ಲ. ಮೇಲಿನ ಮುಂದಿನ ಹಲ್ಲುಗಳ ಹಿಂಬದಿ ಕೂದಲೆಳೆಯಷ್ಟು ಕೆರೆದರೆ ಶಕಾರ ಹೋಗಿ ಸಕಾರ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು, ಕೆರೆದ, ಬಂತು. ಮುದುಕರು ಬೆರಗಾಗಿ ಸೀಸೆ ಸೀಸೆ ಸೀಸೆ ಎಂದು ಹೇಳಿಕೊಳ್ಳುತ್ತಿದ್ದಾಗ ಅವನ ಕೈಯಲ್ಲಿನ್ನೂ ಆ ಸಣ್ಣ ಅರ ಇತ್ತು, ಮತ್ತು ಅದು ಹಿಂದೊಂದು ರಾತ್ರಿ ಅಡುಗೆಮನೆಯ ದೀಪದ ಕೆಳಗೆ ಹಿಡಿದಿದ್ದ ಅರವಾಗಿತ್ತು, ಅಕ್ಕ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದಿದ್ದಳು. “ಈ ಹಲ್ಲು ಉಜ್ಜಿ ಉಜ್ಜಿ ನಾಲಿಗೆ ಪಕ್ಕ ಹುಣ್ಣಾಗಿದೆ ಕಣೋ. ನೀನಿರುವಾಗ ಡಾಕ್ಟರಿಗ್ಯಾಕೆ ದುಡ್ಡು ಸುರಿಯೋದು?” ಅವನು ಹಲ್ಲಿನ ಚೂಪು ಅಂಚನ್ನು ನೋಡಿದ, ತೀಡಿದ, ಬೆರಳಲ್ಲಿ ಸವರಿ ನೋಡಿದ, ನುಣುಪಾಗಿತ್ತು. “ಮುಗೀತು. ವಾರದಲ್ಲಿ ಮಾಯುತ್ತೆ.” ಹಲ್ಲನ್ನು ಅಷ್ಟು ಹೊತ್ತು ನೋಡಿದವನು ಪಕ್ಕದ ಹುಣ್ಣನ್ನು ನೋಡಲಿಲ್ಲ. ಮಾಯಲಿಲ್ಲ ಎಂದು ಅವಳು ಮತ್ತೆ ಹೇಳುವ ಹೊತ್ತಿಗೆ ಮಳೆಗಾಲ, ಚಳಿಗಾಲ ಎರಡೂ ಕಳೆದುಹೋಗಿದ್ದವು. ದೊಡ್ಡಾಸ್ಪತ್ರೆಯಲ್ಲಿ ಅವಳ ನಾಲಿಗೆಯ ಎಡಭಾಗ ತೆಗೆದು, ಅವಳದ್ದೇ ಮುಂಗೈಯ ಚರ್ಮ ಕತ್ತರಿಸಿ ಅಲ್ಲಿಗೆ ಹೊಲಿದರು. ಅವನು ಹುಣ್ಣು ನೋಡದೆ ಬಿಟ್ಟ ವಿಷಯ ಯಾರೂ ಎತ್ತಲಿಲ್ಲ. ಅಕ್ಕನಂತೂ ಎತ್ತಲೇ ಇಲ್ಲ. ಅಂದಿನಿಂದ ಅವನು ದಿನಕ್ಕೆ ಹತ್ತು ಬಾಯಿ ನೋಡಿದ್ದಾನೆ, ಅಕ್ಕನ ಬಾಯಿ ನೋಡಿಲ್ಲ. ಅವಳು ಊಟಕ್ಕೆ ಕೂತರೆ ಇವನಿಗೆ ಏನೋ ಕೆಲಸ ನೆನಪಾಗುತ್ತದೆ.

ಬಸ್ಸಿನಲ್ಲಿ ಜೇಬಿನೊಳಗೆ ಪ್ಲೇಟು ತೊಡೆಗೆ ಒತ್ತುತ್ತಿತ್ತು. ಇವತ್ತು ಮುಗಿಸಿಬಿಡಬೇಕು ಎಂದುಕೊಂಡ. ಸಂಜೆಯೊಳಗೆ ಅಕ್ಕನ ಆಫೀಸಿನ ಸಾಹೇಬರು ಫೋನ್ ಮಾಡುತ್ತಾರೆ; ಅಷ್ಟರೊಳಗೆ ಅವಳು ತನ್ನೊಡನಾದರೂ ಒಂದು ಮಾತು ಆಡಬೇಕು. ಅಕ್ಕ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುತ್ತಿದ್ದವಳು. ನಲ್ಲಿಯಲ್ಲಿ ಹುಳ ಬಂತೆಂದು ಕೊಡ ಹಿಡಿದು ಕುಣಿಯುತ್ತ ಬಂದವರನ್ನು ಎರಡೇ ಮಾತಿನಲ್ಲಿ ಕೂರಿಸಿ, ಮೂರನೆಯದರಲ್ಲಿ ನಗಿಸಿ ಕಳಿಸುತ್ತಿದ್ದವಳು. ರಜೆ ಮುಗಿಯುತ್ತಿತ್ತು. ಸೋಮವಾರದಿಂದ ಒಳಗಡೆ ಟಪಾಲು ವಿಭಾಗಕ್ಕೆ ಹಾಕುತ್ತೇವೆ, ಅಲ್ಲಿ ಮಾತಾಡುವ ಅಗತ್ಯವಿಲ್ಲ, ಒಪ್ಪಿಗೆ ತಿಳಿಸಿ ಎಂದು ಸಾಹೇಬರು ಅಮ್ಮನಿಗೆ ಹೇಳಿದ್ದರು. ಅಮ್ಮ ಮನಸ್ಸಿನಲ್ಲಿ ಒಪ್ಪಿಯಾಗಿತ್ತು. ಅಕ್ಕ ಏನೂ ಅಂದಿರಲಿಲ್ಲ, ಏಕೆಂದರೆ ಅಕ್ಕ ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ, ಮಾತಿನ ಅಭ್ಯಾಸ ಮಾಡಿಸುವವರ ಬಳಿ ಹೋಗಿ ಬರುತ್ತ, ಹಣ್ಣಿನಂಗಡಿಯಲ್ಲಿ ಒಂದು ವಾಕ್ಯ ಆಡಿದ್ದಳು. ಅಂಗಡಿಯವನು ಅವಳಿಗೆ ಉತ್ತರ ಕೊಡದೆ ಅಮ್ಮನ ಕಡೆ ತಿರುಗಿ, “ಹುಟ್ಟಿದಾಗಿಂದ ಹೀಗೇನಮ್ಮಾ?” ಎಂದು ಕೇಳಿದ್ದ. ಅಷ್ಟೇ. ಆ ದಿನ ಮುಚ್ಚಿದ ಬಾಯಿ ಊಟಕ್ಕೆ, ಮಾತ್ರೆಗೆ ಬಿಟ್ಟರೆ ತೆರೆಯಲಿಲ್ಲ.

ಹಾಗಾಗಿ ಅವನು ಭಾಷೆಯನ್ನೇ ಬದಲಾಯಿಸಲು ನಿಶ್ಚಯಿಸಿದ್ದ. ಎಲ್ಲರೂ ಆಡುವ ಮಾತಿನಲ್ಲಿ ಅಕ್ಕನ ಬಾಯಿಂದ ಬರುವ ಪ್ರತಿಯೊಂದು ಸದ್ದೂ ತಪ್ಪು ಸದ್ದು. ಆದರೆ ಬೇರೆ ಯಾರೂ ಆಡದ ಭಾಷೆಯಲ್ಲಿ ತಪ್ಪು ಸದ್ದು ಎಂಬುದೇ ಇರುವುದಿಲ್ಲವಲ್ಲ. ಅಂಥದ್ದೊಂದು ಅವರಿಬ್ಬರ ಹತ್ತಿರ ಮೊದಲೇ ಇತ್ತು. ಚಿಕ್ಕಂದಿನಲ್ಲಿ, ಅಪ್ಪ ರಾತ್ರಿ ಪಾಳಿಯಿಂದ ಬಂದು ಹಗಲೆಲ್ಲ ಮಲಗುತ್ತಿದ್ದ ಒಂದೇ ಕೋಣೆಯ ಮನೆಯಲ್ಲಿ, ಮಂಚದ ಕೆಳಗೆ ಕೂತು ಇಬ್ಬರೂ ಕಟ್ಟಿದ ಭಾಷೆ. ಅಪ್ಪ ಏಳಬಾರದು, ಅಮ್ಮನಿಗೆ ತಿಳಿಯಬಾರದು, ಇವೆರಡೇ ವ್ಯಾಕರಣ. ಟ, ಡ ಸೇರಿಸಿದರೆ ಮಂಚ ಅಲ್ಲಾಡುತ್ತದೆ ಎಂದು ಅಕ್ಕ ಮೊದಲೇ ಅವನ್ನು ತೆಗೆದುಹಾಕಿದ್ದಳು. ಕೆಲಸ ಹಂಚಿಕೊಂಡಿದ್ದರು: ಅಕ್ಷರ ಅವಳದ್ದು, ಸದ್ದು ಅವನದ್ದು. ಅವಳು ಸೇಫ್ಟಿ ಪಿನ್ನು, ಮುರಿದ ಹೇರ್‌ಪಿನ್ನು, ಚಿಲಕ, ಕೊಕ್ಕೆ ನೋಡಿಕೊಂಡು ಸೀಮೆಸುಣ್ಣದಲ್ಲಿ ನೆಲದ ಮೇಲೆ ಅಕ್ಷರ ಬರೆಯುವಳು. ಅವನು ಪ್ರತಿಯೊಂದನ್ನೂ ಬಾಯೊಳಗೆ ಹೊರಳಿಸಿ ಇದು ನಕಾರ, ಇದು ಸಕಾರ ಎಂದು ಪಿಸುಗುಡುವನು. ಒಂದೇ ಒಂದು ಅಕ್ಷರ ಉಳಿದುಹೋಗಿತ್ತು. ಕಿವಿಯೊಳಗೊಂದು ಕಿವಿ ಇಟ್ಟ ಹಾಗೆ, ಸುರುಳಿಯೊಳಗೆ ಸುರುಳಿ. ಅವಳಿಗೆ ಅದೇ ಎಲ್ಲಕ್ಕಿಂತ ಚೆಂದ. ಅವನು ಕೊಟ್ಟ ಸದ್ದನ್ನೆಲ್ಲ ಅವಳು ತಲೆಯಾಡಿಸಿ ತಳ್ಳಿಹಾಕಿದಳು. “ಇದರದ್ದು ಇನ್ನೂ ಬಂದಿಲ್ಲ. ಬರುತ್ತೆ ಬಿಡು.” ಆ ಅಕ್ಷರ ಯಾವ ಪದದಲ್ಲೂ ಸೇರದೆ, ವರ್ಣಮಾಲೆಯ ತುದಿಯಲ್ಲಿ ಶಾಲೆಗೆ ಸೇರದ ಮಗುವಿನ ಹಾಗೆ ನಿಂತಿರುತ್ತಿತ್ತು.

ಈಗ ಅವನು ಸದ್ದುಗಳನ್ನು ಹೊಸದಾಗಿ ಆರಿಸಬೇಕಿತ್ತು. ನಾಲಿಗೆ ಬೇಡದ ಸದ್ದುಗಳು ಮಾತ್ರ: ಪ, ಬ, ಮ, ವ, ಹ, ಸ್ವರಗಳು. ಅಕ್ಷರ ಹಳೆಯವೇ ಇರಲಿ, ಅವಳವು. ಅವುಗಳ ಸದ್ದು ಮಾತ್ರ ಬದಲಾಗಲಿ. ನಕಾರವಾಗಿದ್ದ ಚಿಲಕ ಇನ್ನು ಮಕಾರ, ಸಕಾರವಾಗಿದ್ದ ಕೊಕ್ಕೆ ಹಕಾರ. ಒಂದೊಂದನ್ನು ಬದಲಿಸುವಾಗಲೂ ಯಾರದ್ದೋ ಮನೆಯ ಬೀಗ ಬದಲಿಸಿದ ಹಾಗಾಗುತ್ತಿತ್ತು. ಆದರೂ ಬಿಡಲಿಲ್ಲ. ತಾನೇ ಆಡಿ ನೋಡದೆ ಒಂದು ಸದ್ದನ್ನೂ ಅವಳಿಗೆ ಕೊಡಬಾರದು ಎಂದು ಹಟ ಹಿಡಿದಿದ್ದ. ಆದರೆ ಅವನ ನಾಲಿಗೆ ಆರೋಗ್ಯವಾಗಿತ್ತು, ಕಳ್ಳನ ಹಾಗೆ ನಡುವೆ ನುಗ್ಗಿ ಸಹಾಯ ಮಾಡಿಬಿಡುತ್ತಿತ್ತು. ಅದಕ್ಕೇ ಈ ಪ್ಲೇಟು. ಕೆಳಗಿನ ಹಲ್ಲಿಗೆ ಕೊಂಡಿ ಹಾಕಿ ಸಿಕ್ಕಿಸಿಕೊಂಡರೆ ನಾಲಿಗೆಯನ್ನು ಬಾಯಿಯ ನೆಲಕ್ಕೆ ಒತ್ತಿ ಹಿಡಿಯುತ್ತದೆ.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಅಕ್ಕನಿಗೆ ಕೂಗಿ ಹೇಳುತ್ತಿದ್ದಳು. “ಔಷಧಿ! ತಗೊಂಡ್ಯಾ! ಔಷಧಿ!”

“ಅಮ್ಮಾ, ಅವಳಿಗೆ ಕಿವಿ ಚೆನ್ನಾಗೇ ಕೇಳುತ್ತೆ.”

“ಗೊತ್ತೋ. ಉತ್ತರ ಬರದಿದ್ರೆ ಗಂಟಲು ತಾನಾಗೇ ಏರುತ್ತೆ, ನಾನೇನು ಮಾಡ್ಲಿ?”

ಅಕ್ಕ ಉದ್ದ ತೋಳಿನ ರವಿಕೆಯಲ್ಲಿ ಕಿಟಕಿಯ ಬಳಿ ಕೂತು ಬಟ್ಟೆ ಮಡಚುತ್ತಿದ್ದಳು. ಅವನತ್ತ ನೋಡಿದಳು, ಅವನು ಕೈ ತೊಳೆಯುವ ನೆವದಲ್ಲಿ ಒಳಗೆ ಹೋದ. ಹಿಂದಿನ ಸಣ್ಣ ಕೋಣೆಯಲ್ಲಿ ಅವನದ್ದೊಂದು ಮೇಜಿತ್ತು, ಮನೆಗೆ ತಂದ ಲ್ಯಾಬಿನ ಕೆಲಸಕ್ಕೆ. ಅದರ ಮೇಲೆ ಸದಾ ಪ್ಲಾಸ್ಟರಿನ ಬಿಳಿ ಪುಡಿ. ಬಾಗಿಲು ಹಾಕಿ ಪ್ಲೇಟು ಸಿಕ್ಕಿಸಿಕೊಂಡ. ಬಾಯಿ ತುಂಬ ಜೊಲ್ಲು ಬಂತು, ನುಂಗಲು ಬರಲಿಲ್ಲ. ಮೊದಲು ಸ್ವರಗಳನ್ನು ಅಂದ. ಆಮೇಲೆ ಪದಗಳನ್ನು. ನೀರು ಎಂಬುದಕ್ಕೆ ಬೂಮ. ಬೇಡ ಎಂಬುದಕ್ಕೆ ಪವ. ಗಲ್ಲದಿಂದ ಜೊಲ್ಲು ಹನಿಯುತ್ತಿತ್ತು, ಒರೆಸಿಕೊಳ್ಳದೆ ಮುಂದುವರಿಸಿದ. ಅಮ್ಮಾ ಸುಲಭವಾಗಿ ಬಂತು. ಅಕ್ಕಾ ಅನ್ನಲು ಹೋದರೆ ಗಂಟಲಲ್ಲೇ ಗಾಳಿ ತಡೆದು, ‘ಅಹ್ಹಾ’ ಎಂದು ಎಲ್ಲೋ ಏಟು ಬಿದ್ದವನ ಹಾಗೆ ಕೇಳಿಸಿತು. ಆ ಪದವನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಮತ್ತೆ ಮತ್ತೆ ಅಂದ. ಅಹ್ಹಾ. ಅಹ್ಹಾ. ಸ್ವಲ್ಪ ಜೋರಾಗಿ. ಅಹ್ಹಾ, ಬೂಮ ವೋ. ಅಕ್ಕ, ನೀರು ಬೇಕಾ.

ಬಾಗಿಲು ಯಾವಾಗ ತೆರೆಯಿತೋ ತಿಳಿಯಲಿಲ್ಲ. ಅಕ್ಕ ನಿಂತಿದ್ದಳು, ಮಡಚಿದ ಅವನ ಶರ್ಟುಗಳು ಕೈಯಲ್ಲಿ. ಅವಳ ಮುಖ ನೋಡಿದ ಕೂಡಲೇ ಅವಳಿಗೆ ಏನು ಕೇಳಿಸಿರಬೇಕು ಎಂಬುದು ಅವನಿಗೂ ಕೇಳಿಸಿತು. ಬಾಗಿಲು ಹಾಕಿಕೊಂಡು, ಜೊಲ್ಲು ಸುರಿಸಿಕೊಂಡು, ತಮ್ಮ ಅವಳ ಮಾತನ್ನು ಅಣಕಿಸುತ್ತಿದ್ದಾನೆ. ಹೇಳಲು ಬಾಯಿ ತೆರೆದ. “ಅಹ್ಹಾ, ಅವಾ, ಹಾಹೋ” ಎಂದಷ್ಟೇ ಬಂತು, ಅದೂ ಅಣಕವೇ. ಪ್ಲೇಟು ಕೀಳಲು ಬೆರಳು ಹಾಕಿದರೆ ಕೊಂಡಿ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಶರ್ಟುಗಳು ಅವನ ಎದೆಗೆ ಬಂದು ಬಿದ್ದವು.

“ನಾಚಿಕೆ ಆಗಲ್ವಾ ನಿಂಗೆ?”

ಇಷ್ಟು ತಿಂಗಳ ಮೇಲೆ ಅದು ಅವಳ ಮೊದಲ ಮಾತು. ಕಿವಿಗೆ ಬಿದ್ದದ್ದು ಹೀಗೆಯೇ ಅಲ್ಲ; ಅರ್ಧ ವ್ಯಂಜನಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ಜಾರಿಹೋಗಿದ್ದವು. ಆದರೆ ಬಿದ್ದ ಹಾಗೆಯೇ ಅದನ್ನು ಹಿಡಿದಿಟ್ಟುಕೊಳ್ಳಲು ಅವನ ತಲೆ ಒಪ್ಪಲಿಲ್ಲ. ಅಣಕಿಸುವವರು ಮಾಡುವುದೇ ಅದು. ಅವಳು ಅಂದದ್ದು ಅವನಿಗೆ ಒಂದಕ್ಷರ ಬಿಡದೆ ತಿಳಿಯಿತು.

ಕೊಂಡಿ ಕಳಚಿತು, ವಸಡಿನಿಂದ ರಕ್ತ ಬಂತು. “ಅಣಕಿಸ್ತಾ ಇರಲಿಲ್ಲ ಅಕ್ಕ. ದೇವರಾಣೆ. ಭಾಷೆ ಮಾಡ್ತಿದ್ದೆ. ನಮ್ಮದು, ಮಂಚದ ಕೆಳಗಿಂದು. ನಾಲಿಗೆ ಬೇಡದ ಹಾಗೆ. ನಿನಗೆ ಸುಲಭ ಆಗ್ಲಿ ಅಂತ.” ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ: ಚಿಲಕಕ್ಕೆ ಮಕಾರ, ಕೊಕ್ಕೆಗೆ ಹಕಾರ, ಬೂಮ, ಪವ. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಕೊನೆಯ ಪದಗಳನ್ನು ನುಂಗಿಬಿಟ್ಟ.

ಅಕ್ಕ ಪ್ಲೇಟನ್ನು ಅವನ ಕೈಯಿಂದ ಕಿತ್ತುಕೊಂಡು ಆಚೆ ಈಚೆ ತಿರುಗಿಸಿ ನೋಡಿದಳು. “ಬೂಮ,” ಎಂದಳು. “ಪವ. ವಾ, ಮಾ, ಬಾ. ಎಮ್ಮೆ ಕೊಟ್ಟಿಗೆಗೆ ಮಾಡಿದ್ದಾ ಇದು?”

ಅವನಿಗೆ ನಗು ಬಂತು, ಅಳುವೂ. ಎರಡನ್ನೂ ತಡೆದ.

“ಇದು ಯಾರ ಬಾಯಿ?” ಪ್ಲೇಟನ್ನು ಅವನ ಮೂಗಿನ ಹತ್ತಿರ ಹಿಡಿದಿದ್ದಳು. “ಪೂರ್ತಿ ಮುಚ್ಚಿಬಿಟ್ಟಿದೀಯ. ನಂದು ಪೂರ್ತಿ ಹೋಗಿದೆ ಅಂತ ಯಾರು ಹೇಳಿದ್ದು ನಿಂಗೆ? ನೋಡಿದ್ಯಾ?”

ಅವನು ವಸಡಿನ ರಕ್ತ ಒರೆಸಿಕೊಂಡ.

“ಅವತ್ತು ಹಲ್ಲು ಮಾತ್ರ ನೋಡಿದೆ. ಇವತ್ತು ಅದನ್ನೂ ನೋಡದೆ ಬಾಯೇ ಮಾಡ್ಕೊಂಡು ಬಂದಿದೀಯ.”

ಇಷ್ಟು ದಿನ ಅವನು ಕಾಯುತ್ತಿದ್ದ ಮಾತು ಅದು. ಸಿಟ್ಟಿನಲ್ಲಿ ಬರಬಹುದು, ಜ್ವರದಲ್ಲಿ ಬರಬಹುದು, ನೆಂಟರೆದುರು ಬರಬಹುದು ಎಂದು ಬೇರೆ ಬೇರೆ ರೀತಿಯಲ್ಲಿ ಕಲ್ಪಿಸಿಕೊಂಡಿದ್ದ. ಹೀಗೆ, ಲೆಕ್ಕ ತಪ್ಪಿದ ಹುಡುಗನಿಗೆ ಹೇಳುವ ಹಾಗೆ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಅಕ್ಕ ಕುರ್ಚಿ ಎಳೆದು ಕೂತಳು. ಮೇಜಿನ ದೀಪವನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡಳು. ಬಾಯಿ ತೆರೆದಳು.

ಅವನು ನೋಡಿದ. ಮೊದಲು ಅಭ್ಯಾಸದಂತೆ ಕಣ್ಣು ಹಲ್ಲಿಗೇ ಹೋಯಿತು, ತಾನು ತೀಡಿದ ಹಲ್ಲಿಗೆ. ಆ ಜಾಗದಲ್ಲಿ ಹಲ್ಲೇ ಇರಲಿಲ್ಲ, ಆಪರೇಷನ್ನಿನಲ್ಲಿ ತೆಗೆದಿದ್ದರು. ಆಮೇಲೆ ಕಣ್ಣನ್ನು ಪಕ್ಕಕ್ಕೆ ತಂದ. ಬಲಗಡೆ ಕೆಂಪಗೆ, ಒದ್ದೆಯಾಗಿ, ಅವಳ ಹಳೆಯ ನಾಲಿಗೆ ಇತ್ತು, ಚುರುಕಾಗಿ ಅತ್ತಿತ್ತ ಹೊರಳುತ್ತಿತ್ತು. ಎಡಗಡೆ ಮಾಸಲು ಬಿಳುಪಿನ ಮುದ್ದೆ, ಅಲ್ಲಾಡದೆ ಬಿದ್ದುಕೊಂಡಿತ್ತು. ನಡುವೆ ಹೊಲಿಗೆಯ ಗೆರೆ. ಅವನು ಊಹಿಸಿಕೊಂಡ ಗುಂಡಿ ಎಲ್ಲೂ ಇರಲಿಲ್ಲ.

“ಹತ್ತಿರ ಬಾ. ಕೂದಲು ಕಾಣ್ತಾ?” ಬೆರಳಿನಿಂದ ಎಡಭಾಗ ತೋರಿಸಿದಳು. “ಕೈ ಚರ್ಮ ಅಲ್ವಾ. ಎರಡು ಕೂದಲು ಬಂದಿದೆ. ಊಟದಲ್ಲಿ ಕೂದಲು ಅಂತ ಅಮ್ಮನ್ನ ಬೈಯೋ ಹಾಗೂ ಇಲ್ಲ.”

ಇಬ್ಬರೂ ನಕ್ಕರು. ಅವಳ ನಗು ಮೊದಲಿನದ್ದೇ; ನಗುವುದಕ್ಕೆ ನಾಲಿಗೆ ಬೇಕಿರಲಿಲ್ಲ ಎಂದು ಅವನು ಗಮನಿಸಿದ. ಆಮೇಲೆ ಅವಳು ಕೆಲಸಕ್ಕೆ ಕೂತವಳ ಹಾಗೆ ಒಂದೊಂದೇ ಸದ್ದನ್ನು ಎತ್ತಿಕೊಂಡಳು. ಕಕಾರ ಬಂತು, ಸ್ವಲ್ಪ ದಪ್ಪಗೆ. “ಅಕ್ಕ ಅನ್ನೋಕೆ ಬರುತ್ತೆ ನಂಗೆ. ಅದನ್ಯಾಕೆ ತೆಗೆದೆ?” ಗಕಾರ ಬಂತು. ತಕಾರ ಅರ್ಧ ಬಂತು. ಸಕಾರ ಬರಲಿಲ್ಲ; ಅವಳು ಭುಜ ಹಾರಿಸಿ ಮುಂದೆ ಹೋದಳು. ಲಕಾರಕ್ಕೆಂದು ನಾಲಿಗೆ ಎತ್ತಿದಾಗ ಬಲಭಾಗ ಮೇಲೆದ್ದಿತು, ಎಡಭಾಗ ಏಳಲಿಲ್ಲ, ಗಾಳಿ ಆ ಸತ್ತ ಚರ್ಮಕ್ಕೂ ಕೆನ್ನೆಗೂ ನಡುವೆ ನುಸುಳಿ ಒಂದು ಸದ್ದಾಯಿತು. ಅದು ಲಕಾರ ಅಲ್ಲ, ಳಕಾರವೂ ಅಲ್ಲ. ಒಳಗೆ ಹೊರಳಿ ಮತ್ತೆ ಒಳಗೇ ಹೊರಳುವ, ಒದ್ದೆಯಾದ, ಬೆಚ್ಚಗಿನ ಸದ್ದು. ಅವನು ಯಾವ ಬಾಯಲ್ಲೂ ಅದನ್ನು ಕೇಳಿರಲಿಲ್ಲ.

“ಇನ್ನೊಂದ್ಸಲ ಅನ್ನು.”

ಅಂದಳು. ಈ ಸಲ ಬೇಕೆಂದೇ. ಅವನು ಅನ್ನಲು ನೋಡಿದ; ಅವನ ನಾಲಿಗೆ ಎರಡು ಕಡೆಯೂ ಏಳುತ್ತಿತ್ತು, ಗಾಳಿಗೆ ದಾರಿ ಸಿಗುತ್ತಿರಲಿಲ್ಲ, ಬರೀ ಲಕಾರ ಬಂತು. ಮತ್ತೆ ನೋಡಿದ. ಎಂಜಲು ಹಾರಿತು. ಅಕ್ಕ ಹಿಂದೆ ಸರಿದು ಅವನ ಬಾಯನ್ನೇ ಗಮನಿಸುತ್ತಿದ್ದಳು, ಅವನು ಮುದುಕರ ಬಾಯನ್ನು ಗಮನಿಸಿದ ಹಾಗೆ. “ಇಲ್ಲ. ನಿನ್ನ ನಾಲಿಗೆ ಜಾಸ್ತಿ ಆಯ್ತು,” ಎಂದಳು. ಎಂದು, ಮೇಜಿನ ಮೇಲಿನ ಬಿಳಿ ಪುಡಿಯಲ್ಲಿ ಬೆರಳು ಊರಿ, ಕಿವಿಯೊಳಗೊಂದು ಕಿವಿ ಬರೆದಳು. ಅವನು ಕೂತು ಮತ್ತೆ ಪ್ರಯತ್ನಿಸಿದ.

ಹೊರಗೆ ಫೋನು ಹೊಡೆದುಕೊಂಡಿತು. ಅಮ್ಮ ಅದನ್ನು ಸ್ಪೀಕರಿಗೆ ಹಾಕಿ ಹಿಡಿದುಕೊಂಡೇ ಒಳಬಂದಳು. ಅವಳು ಯಾರ ಫೋನನ್ನೂ ಕಿವಿಗಿಟ್ಟು ಮಾತಾಡಿದವಳಲ್ಲ. “ಸಾಹೇಬರು,” ಎಂದು ಕೂಗಿ, “ಹೂಂ ಅಂದುಬಿಡ್ತೀನಿ ಕಣೇ, ಟಪಾಲು. ಪಾಪ ಕಾಯ್ತಿದಾರೆ,” ಎಂದಳು.

ಅಕ್ಕ ಕೈ ಚಾಚಿದಳು. ಅಮ್ಮನಿಗೆ ಅರ್ಥವಾಗಲಿಲ್ಲ. ಅಕ್ಕ ಎದ್ದು ಫೋನು ತೆಗೆದುಕೊಂಡು ಮೇಜಿನ ಮೇಲಿಟ್ಟಳು, ಆ ಅಕ್ಷರದ ಪಕ್ಕದಲ್ಲಿ.

“ಸಾರ್, ನಾನು. ಕೌಂಟರಿಗೇ ಬರ್ತೀನಿ.”

“ಹಲೋ? ಯಾರು ಮಾತಾಡ್ತಿರೋದು? ಸರಿಯಾಗಿ ಕೇಳಿಸ್ತಿಲ್ಲ.”

ಅಮ್ಮನ ಬಾಯಿ ತೆರೆಯಿತು. ಅವನದ್ದೂ ತೆರೆಯಲಿತ್ತು, ‘ಅವಳು ಹೇಳ್ತಿರೋದು ಏನಂದ್ರೆ ಸಾರ್’ ಎಂಬುದು ತುಟಿಯ ತುದಿಗೆ ಬಂದುಬಿಟ್ಟಿತ್ತು, ಬೆಣ್ಣೆಯ ಹಾಗೆ ಜಾರುವ ಸುಲಭದ ಮಾತು. ಅವನು ಆ ಮಾತನ್ನು ಹಲ್ಲಿನಿಂದ ಕಚ್ಚಿ ಹಿಡಿದ, ಅಮ್ಮನ ಕೈಯನ್ನು ಕೈಯಿಂದ.

“ಕೌಂಟರಿಗೆ. ಬರ್ತೀನಿ. ಸೋಮವಾರ.” ಅವಳು ಗಂಟಲು ಏರಿಸಲಿಲ್ಲ. ಸಕಾರ ಬರಬೇಕಾದ ಕಡೆ ಬರಲಿಲ್ಲ. ಅದಕ್ಕೆ ಅವಳು ಕಾಯಲೂ ಇಲ್ಲ. ರಕಾರದ ಜಾಗದಲ್ಲಿ ಆ ಹೊಸ ಸದ್ದೇ ಬಂದು ಕೂತಿತು.

“ಏನಮ್ಮಾ? ಕೌಂಟ... ಕೌಂಟರಾ?”

“ಹೌದು.”

ಆ ಕಡೆ ಕಾಗದ ಸರಿದ ಸದ್ದು. “ಅಲ್ಲಮ್ಮ, ನಾನು ಹೇಳೋದು ನಿಮ್ಮ ಒಳ್ಳೇದಕ್ಕೇ. ಟಪಾಲಲ್ಲಿ ಆರಾಮಾಗಿರಬಹುದು. ಕೌಂಟರ್ ಅಂದ್ರೆ ನೂರು ಜನ ಬರ್ತಾರೆ. ನೀವಾಡೋದು ಜನಕ್ಕೆ ಅರ್ಥ ಆಗಬೇಕಲ್ಲ?”

“ಆಗುತ್ತೆ ಸಾರ್,” ಎಂದಳು ಅಕ್ಕ. “ನಿಮಗೆ ಆಯ್ತಲ್ಲ.”

ಸಾಹೇಬರು ಏನೋ ಹೇಳಲು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಅಕ್ಕ ಮೊಣಕೈಯನ್ನು ಮೇಜಿಗೆ ಊರಿ, ಗಲ್ಲವನ್ನು ಅಂಗೈಯಲ್ಲಿಟ್ಟು, ಕೊಡ ಹಿಡಿದು ಬಂದವರ ಸಿಟ್ಟು ಇಳಿಯಲೆಂದು ಕೌಂಟರಿನಲ್ಲಿ ಕಾಯುತ್ತಿದ್ದ ಹಾಗೆ, ಆತುರವಿಲ್ಲದೆ ಕಾದಳು.